ಶಿಗ್ಲಿಯ ಹಗೇವಿಗೆ ಬಿದ್ದ ನಾಯಿ

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಬೆಟಗೇರಿಯ ನನ್ನ ಮನೆಗೆ ಬರುತ್ತಾರೆ. ನಿವೃತ್ತನಾದವನ ಮನೆಯಲ್ಲಿ ಚಹಾ ಧಾರಾಳವಾಗಿ ಸಿಗುತ್ತದೆ, ಕಥೆಯೂ ಸಿಗುತ್ತದೆ. ಬಂದವರೆಲ್ಲ ಕೇಳುವುದು ಬೆಂಕಿಯ ಕಥೆ. ಹತ್ತಿ ಗೋದಾಮು ಹೊತ್ತಿದ್ದು, ಮೇವಿನ ಬಣವೆಗಳು ಸಾಲಾಗಿ ಉರಿದದ್ದು. ನಾಯಿ, ಬೆಕ್ಕು, ದನ ಎಲ್ಲೋ ಸಿಕ್ಕಿಹಾಕಿಕೊಂಡ ಕರೆಗಳ ಮಾತು ಬಂದರೆ ಮಾತ್ರ ನಗುತ್ತಾರೆ. ಮೊನ್ನೆ ಒಬ್ಬ ಹೇಳಿದ: "ಮಲ್ಲಸಮುದ್ರದಾಗ ಒಂದ ಬೆಕ್ಕು ಪೈಪಿನ್ಯಾಗ ಸಿಕ್ಕಿತ್ತರಿ ಸರ್. ಇದಕ್ಕೇನ್ರಿ ನಾವು ಅಷ್ಟ ಓಡಿ, ಜಿಗದು, ಪರೀಕ್ಷಾ ಪಾಸ್ ಆಗಿ ಬಂದಿದ್ದು?"

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಮಾತು ದಾರಿ ತಪ್ಪುತ್ತದೆ, ಹೆಂಡತಿ ಒಳಗಿನಿಂದ ಕೆಮ್ಮುತ್ತಾಳೆ. ಅದಕ್ಕೇ ಆ ಹೊತ್ತು ಸುಮ್ಮನಿದ್ದು ಈಗ ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಪಿಂಚಣಿ ಕಾಗದದಲ್ಲಿದೆ, ಅಲ್ಲೇ ಇರಲಿ.

ಪ್ರಾಣಿಗಳ ಕರೆಯಲ್ಲಿ ನಾವು ನಗೆಗೀಡಾದದ್ದು ಉಂಟು. ಕೊರ್ಲಹಳ್ಳಿಯ ಹತ್ತಿರ ಹೊಳೆಗೆ ನೀರು ಬಂದು ಒಂದು ಬಿಡಾಡಿ ಹೋರಿ ನಡುವಿನ ದಿಬ್ಬದ ಮೇಲೆ ಉಳಿದಿತ್ತು. ನಾವು ರಬ್ಬರ್ ದೋಣಿ ತೆಗೆದುಕೊಂಡು ಹೋದೆವು. ಹೋರಿ ನಮ್ಮನ್ನೂ ದೋಣಿಯನ್ನೂ ಚೆನ್ನಾಗಿ ನೋಡಿತು, ನೀರಿಗಿಳಿಯಿತು, ಈಜಿಕೊಂಡು ದಡ ಸೇರಿತು. ನಮ್ಮ ದೋಣಿ ಮುಳ್ಳಿನ ಪೊದೆಗೆ ಸಿಕ್ಕು ಗಾಳಿ ಹೋಯಿತು. ದಡದಲ್ಲಿ ನಿಂತ ಜನ ಆಮೇಲೆ ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು. ಮುಂಡರಗಿ ಕಡೆ ಆ ಕಥೆ ಬಹಳ ದಿನ ಓಡಾಡಿತು.

ಇನ್ನೊಂದು ಸಲ ಬೆಟಗೇರಿಯಲ್ಲೇ. ಕುಣಿಮಗ್ಗಗಳು ಇನ್ನೂ ಅಲ್ಲಲ್ಲಿ ಉಳಿದಿದ್ದ ಕಾಲ ಅದು. ನೇಕಾರರು ಕಾಲು ಇಳಿಬಿಟ್ಟು ಕೂರುವ ಕುಣಿಗೆ ಬೀದಿಯ ಕರುವೊಂದು ಹಿತ್ತಿಲಿನಿಂದ ನುಗ್ಗಿ ಬಿದ್ದಿತ್ತು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ್ದ ಹಾಸಿನ ನೂಲು ಅದರ ಕೊರಳಿಗೆ ಸುತ್ತಿಕೊಂಡಿತ್ತು. ನಾನು ಹಿಂದೆ ಮುಂದೆ ನೋಡದೆ ಚಾಕು ತೆಗೆದು ಇಡೀ ಹಾಸನ್ನು ಕೊಯ್ದು ಹಾಕಿದೆ. ಕರು ಉಳಿಯಿತು. ಆ ಮನೆಯ ಯಜಮಾನರು ಕರುವಿನ ಬೆನ್ನು ಸವರಿದರು, ನಮಗೆ ಚಹಾ ಕೊಟ್ಟರು, ಕೊಯ್ದ ನೂಲನ್ನು ಮಡಿಲಿಗೆ ಹಾಕಿಕೊಂಡು ಕೂತರು. "ಒಂದ ಮಾತು ಕೇಳಬೇಕಿತ್ತರಿ" ಎಂದರು, ಅಷ್ಟೇ. ಅಂದಿನಿಂದ ಯಾರದೇ ಮನೆಯ ವಸ್ತು ಮುಟ್ಟುವ ಮುಂಚೆ ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡೆ.

ಇವೆಲ್ಲ ನಗುವ, ಪೆಚ್ಚಾಗುವ ಮಾತಾಯಿತು. ಈಗ ಶಿಗ್ಲಿಯದು ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ನಾನು ಕೆಲಸಕ್ಕೆ ಸೇರಿದ ಹೊಸತಿಗೆ ಹೋಗಬೇಕು.

ಈಗಿನ ಹುಡುಗರು ಹಗೇವು ನೋಡಿಲ್ಲ. ನೆಲದೊಳಗಿನ ಕಣಜ ಅದು. ಬಾಯಿ ಒಬ್ಬ ಮನುಷ್ಯ ಮೈ ಹಿಡಿದುಕೊಂಡು ಇಳಿಯುವಷ್ಟೇ ಇರುತ್ತದೆ, ಒಳಗೆ ಬಿಂದಿಗೆಯ ಹೊಟ್ಟೆಯಂತೆ ಅಗಲ. ಸುತ್ತ ಹುಲ್ಲು, ದಂಟು ಹಾಕಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಡುತ್ತದೆ. ಕೆಟ್ಟ ಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇರಬೇಕೆಂದಿಲ್ಲ. ಅದು ಭಾರ, ತಳದಲ್ಲಿ ಕೂತಿರುತ್ತದೆ. ಹಾಗಾಗಿ ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲು ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯುವುದು ಪದ್ಧತಿ.

ಶಿಗ್ಲಿಯ ಒಂದು ಒಕ್ಕಲುತನದ ಮನೆಯಲ್ಲಿ ಆ ಒಂದು ದಿನ ಕಾಯಲಿಲ್ಲ. ಮರುದಿನ ಮಗುವಿಗೆ ಹೆಸರಿಡುವ ಕಾರ್ಯ, ಬೀಸಲು ಜೋಳ ಬೇಕಿತ್ತು. ಮಗುವಿನ ತಂದೆ ಬೆಳಿಗ್ಗೆ ಕಲ್ಲು ಸರಿಸಿದವನು ಅವತ್ತೇ ಇಳಿದ. ಅವನು ಮೇಲೆ ಬರಲಿಲ್ಲ ಎಂದು ಅವನ ತಮ್ಮ ಇಳಿದ. ಆಗ ಆ ಕಡೆಗೆಲ್ಲ ಗದಗಿನಿಂದಲೇ ಗಾಡಿ ಹೋಗಬೇಕಿತ್ತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಇಬ್ಬರನ್ನೂ ಮೇಲೆ ತಂದು ಜಗುಲಿಯ ಮೇಲೆ ಮಲಗಿಸಿದೆವು.

ಹಗೇವಿನ ಬಾಯಿಯ ಪಕ್ಕ ಬಾಣಂತಿ ಹೆಂಗಸೊಬ್ಬಳು ಕೂತಿದ್ದಳು. ತಲೆಗೆ ಅರಿವೆ ಕಟ್ಟಿಕೊಂಡಿದ್ದಳು. ಗಂಡನ ಸೊಂಟಕ್ಕೆ ಕಟ್ಟಿದ್ದ ಹಗ್ಗದ ಈ ತುದಿ ಅವಳ ಕೈಯಲ್ಲೇ ಇತ್ತು. ಅಳುತ್ತಿರಲಿಲ್ಲ. ಯಾರು ಹತ್ತಿರ ಹೋದರೂ ಒಂದೇ ಮಾತು. "'ನಾ ಎಳಿ ಅಂದಾಗ ಎಳಿ' ಅಂದಿದ್ರು. ಅವರು ಅನ್ನಲೇ ಇಲ್ಲ."

ನನ್ನ ಆಗಿನ ಠಾಣಾಧಿಕಾರಿಗಳು ಬಲು ಕಟ್ಟುನಿಟ್ಟಿನವರು. ದಿನವೂ ಹಗ್ಗಗಳನ್ನು ಬಿಚ್ಚಿಸಿ, ಮೂಸಿ ನೋಡಿ, ಮತ್ತೆ ಸುತ್ತಿಸುತ್ತಿದ್ದರು. ಹಗ್ಗಕ್ಕೆ ಯಾರದಾದರೂ ಬೂಟು ತಾಗಿದರೆ ಆ ದಿನವೆಲ್ಲ ಬೈಗುಳ. ಆ ಮನುಷ್ಯ ಅವತ್ತು ಟೊಪ್ಪಿಗೆ ತೆಗೆದು ಅವಳೆದುರು ನೆಲದ ಮೇಲೆ ಕೂತರು. "ಕೊಡವ್ವಾ ತಂಗಿ. ಇನ್ನ ನಾ ಹಿಡೀತೀನಿ" ಎಂದರು. ಅವಳು ಕೊಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ತೆಗೆದುಕೊಳ್ಳಬೇಕಾಯಿತು. ಆಕೆಯ ಹೆಸರು ಗೌರವ್ವ.

ಕಾಲ ಬದಲಾಯಿತು. ಅಲ್ಲಲ್ಲಿ ಹೊಸ ಠಾಣೆಗಳಾದವು, ಒಳ್ಳೆಯ ಗಾಡಿಗಳು ಬಂದವು, ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು, ಮುಖವಾಡ ಬಂದವು. ಜನ ಜೋಳವನ್ನು ಚೀಲದಲ್ಲಿ ಇಡಲು ಶುರುಮಾಡಿ ಹಗೇವು ಮರೆತರು. ನಾನು ನಿವೃತ್ತಿಗೆ ಹತ್ತಿರವಾದಾಗ ಲಕ್ಷ್ಮೇಶ್ವರದ ಕಡೆ ಕೆಲಸದಲ್ಲಿದ್ದೆ. ಒಂದು ದಿನ ಮಧ್ಯಾಹ್ನ ಶಿಗ್ಲಿಯಿಂದ ಕರೆ ಬಂತು. ಹಳೆಯ ಹಗೇವಿಗೆ ಬೀದಿ ನಾಯಿ ಬಿದ್ದಿದೆ ಎಂದರು.

ನಮ್ಮ ತಂಡದಲ್ಲಿ ಮಹಾಂತೇಶ ಎಂಬ ಹುಡುಗನಿದ್ದ. ತೆಳ್ಳಗೆ, ಚುರುಕು, ಬಾಯಿಯೂ ಅಷ್ಟೇ ಚುರುಕು. "ನಾಯಿಗೂ ನಮ್ಮ ನಂಬರ್ ಗೊತ್ತಾತೇನ್ರಿ?" ಎಂದ. ಡ್ರೈವರ್ ದಾವಲಸಾಬ ನಕ್ಕ. ಹಗೇವು ಎಂಬ ಶಬ್ದ ಕೇಳಿದ ಮೇಲೆ ನನಗೆ ನಗು ಬರಲಿಲ್ಲ. "ಜಲ್ದಿ ಹೊಡಿ" ಎಂದೆ.

ಓಣಿಯ ತಿರುವಿನಲ್ಲೇ ನನಗೆ ಗುರುತು ಹತ್ತಿತು. ಅದೇ ಮನೆ, ಅದೇ ಅಂಗಳ. ಮುಂದಿನ ಗೋಡೆ ಮಾತ್ರ ಹೊಸದು. ಆ ಸಾವುಗಳಾದ ಮೇಲೆ ಹಗೇವಿನ ಬಾಯಿಗೆ ಚಪ್ಪಡಿ ಹಾಕಿ ಬಿಟ್ಟಿದ್ದರಂತೆ. ಕಾಳು ಕೊಟ್ಟ ಜಾಗಕ್ಕೆ ಮಣ್ಣು ಹಾಕಬಾರದು ಎಂಬ ನಂಬಿಕೆಯಿಂದ ತುಂಬಿಸಿರಲಿಲ್ಲ. ಹಿಂದಿನ ದಿನ ಟ್ರ್ಯಾಕ್ಟರಿನ ಗಾಲಿ ಹತ್ತಿ ಚಪ್ಪಡಿ ಮುರಿದಿತ್ತು, ಅವತ್ತು ನಾಯಿ ಬಿದ್ದಿತ್ತು. ಒಳಗೆ ವರ್ಷಗಟ್ಟಲೆ ಮಳೆನೀರು ಇಳಿದು ಹುಲ್ಲು ಕೊಳೆತಿತ್ತು.

ಬಾಯಿಯ ಹತ್ತಿರ ಮೂವತ್ತು ದಾಟಿದ ಗಂಡಸೊಬ್ಬ ಅಂಗಿ ಕಳಚಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದ. ಆ ಹಗ್ಗದ ಮೇಲೆ ಎರಡೂ ಕಾಲು ಊರಿ ಒಬ್ಬ ಹೆಂಗಸು ನಿಂತಿದ್ದಳು. ತಲೆಗೂದಲು ಬೆಳ್ಳಗಾಗಿತ್ತು. ಆದರೂ ಗುರುತು ಸಿಕ್ಕಿತು. ಗೌರವ್ವ. ಹಾಗಾದರೆ ಆ ಗಂಡಸು ಆ ಸಾವುಗಳ ಮರುದಿನ ಹೆಸರಿಡಬೇಕಾಗಿದ್ದ ಕೂಸು. ಹಗ್ಗ ತುಳಿದರೆ ಸಿಡುಕುತ್ತಿದ್ದ ನನ್ನ ಹಳೆಯ ಸಾಹೇಬರು ಅಲ್ಲಿದ್ದರೆ ಅವತ್ತು ಒಂದು ಮಾತೂ ಆಡುತ್ತಿರಲಿಲ್ಲ.

"ಕಾಲ ತಗೀ ಯವ್ವಾ" ಎನ್ನುತ್ತಿದ್ದ ಮಗ. ಅವನ ಹೆಸರು ಈರಣ್ಣ.

"ನನ್ನ ಮ್ಯಾಲ ಹಾಯ್ದು ಹೋಗು. ಕಾಲ ತಗಿಯಾಂಗಿಲ್ಲ."

ನಾನು ಅವನ ಭುಜದ ಮೇಲೆ ಕೈಯಿಟ್ಟು ಏನಾಯಿತು ಎಂದು ಕೇಳಿದೆ. ಅವನು ಹೇಳಿದ. ಆ ನಾಯಿಗೆ ಒಡೆಯರಿಲ್ಲ, ಹೆಸರಿಲ್ಲ. ಓಣಿಯ ಎಲ್ಲ ಮನೆಯ ತುತ್ತು ತಿನ್ನುತ್ತಿತ್ತು, ಮಲಗುವುದು ಮಾತ್ರ ಈ ಮನೆಯ ಕಟ್ಟೆಯ ಕೆಳಗೆ. ಬಿದ್ದ ಮೇಲೆ ಬಹಳ ಹೊತ್ತು ಬೊಗಳುತ್ತಲೇ ಇತ್ತು. ಬೊಗಳುತ್ತದೆ ಎಂದರೆ ಒಳಗೆ ಗಾಳಿ ಚೆನ್ನಾಗಿದೆ ಎಂದು ಎಲ್ಲರೂ ತಿಳಿದರು. ಹಸಿದಿರಬೇಕು, ಅಗ್ನಿಶಾಮಕದವರು ಬರುವವರೆಗೆ ತಿಂದುಕೊಂಡಿರಲಿ ಎಂದು ಈರಣ್ಣ ಒಂದು ರೊಟ್ಟಿ ಎಸೆದ.

ನಾನು ಟಾರ್ಚು ಬಿಟ್ಟು ನೋಡಿದೆ. ಮುರಿದ ಚಪ್ಪಡಿ, ಮಣ್ಣು ಒಂದು ಮಗ್ಗುಲಿಗೆ ಗುಡ್ಡೆಯಾಗಿ ಬಿದ್ದಿತ್ತು. ನಾಯಿ ಅಷ್ಟು ಹೊತ್ತು ಉಳಿದದ್ದು ಆ ಗುಡ್ಡೆಯ ಮೇಲೆ ನಿಂತದ್ದಕ್ಕೆ. ರೊಟ್ಟಿ ಉರುಳಿ ತಗ್ಗಿಗೆ ಹೋಗಿತ್ತು. ನಾಯಿ ರೊಟ್ಟಿಯ ಹಿಂದೆ ಇಳಿದಿತ್ತು. ಈಗ ರೊಟ್ಟಿಯ ಪಕ್ಕದಲ್ಲೇ ಕಾಲು ಚಾಚಿ ಬಿದ್ದಿತ್ತು. ಹೊಟ್ಟೆ ಸಣ್ಣಗೆ ಏರಿಳಿಯುತ್ತಿತ್ತು.

"ನಾ ಕೊಟ್ಟ ರೊಟ್ಟೀನಽ ಅದನ್ನ ಕೊಂದಿತರಿ" ಎಂದ ಈರಣ್ಣ. "ಈಗ ನೀವು ಬರೂ ಮುಂಚೇನಽ ಬಿತ್ತು. ಒಂದು ಉಸಿರು ಬಿಗಿ ಹಿಡದು ಇಳಿದು ಬಂದಬಿಡತೀನ್ರಿ."

"ನಿಮ್ಮಪ್ಪನೂ ಉಸಿರು ಬಿಗಿ ಹಿಡೀತೀನಿ ಅಂದಿದ್ದ" ಎಂದಳು ಗೌರವ್ವ.

ಹೊಸ ಹುಡುಗರೇ, ಇಲ್ಲಿ ನಿಮಗೆ ಹೇಳಬೇಕಾದದ್ದಿದೆ. ಪ್ರಾಣಿಯ ಕರೆ ಬಂದಾಗ ನಾವು ಓಡುವುದು ಪ್ರಾಣಿಯೊಂದಕ್ಕಾಗಿ ಮಾತ್ರ ಅಲ್ಲ. ಅದರ ಹಿಂದೆ ಇಳಿಯಲು ಯಾರೋ ಒಬ್ಬರು ತಯಾರಾಗಿ ನಿಂತಿರುತ್ತಾರೆ. ಬಾವಿಯ ಕಟ್ಟೆಯ ಮೇಲೆ, ಕಾಲುವೆಯ ದಂಡೆಯ ಮೇಲೆ, ಎಲ್ಲಾದರೂ. ಹೋದ ಕೂಡಲೇ ಮೊದಲು ಆ ಮನುಷ್ಯನನ್ನು ಹುಡುಕಬೇಕು. ನಾಯಿಯನ್ನು ಅಲ್ಲೇ ಬಿಟ್ಟು ಬಂದಿದ್ದರೆ ನಮ್ಮ ಗಾಡಿ ಲಕ್ಷ್ಮೇಶ್ವರ ಮುಟ್ಟುವ ಮುಂಚೆ ಈರಣ್ಣ ಒಳಗಿರುತ್ತಿದ್ದ. ಗೌರವ್ವನ ಕಾಲು ಎಷ್ಟು ಹೊತ್ತು ಹಗ್ಗದ ಮೇಲೆ ನಿಂತೀತು?

"ತಮ್ಮಾ, ನಾಯಿ ಇನ್ನೂ ಐತಿ" ಎಂದೆ ಅವನಿಗೆ. "ಅದನ್ನ ತಗಿಯೂನು. ಆದ್ರ ನಿನ್ನ ಸೊಂಟದ ಹಗ್ಗ ಬಿಚ್ಚು, ಆ ಹಗ್ಗ ನಮಗ ಬೇಕು." ಬೇಕಾಗಿರಲಿಲ್ಲ, ನಮ್ಮ ಹಗ್ಗಗಳು ಗಾಡಿಯಲ್ಲಿದ್ದವು. ಅವನು ಬಿಚ್ಚಿಕೊಟ್ಟ.

ಮಹಾಂತೇಶ ಆಗಲೇ ಸಿಲಿಂಡರು ಬೆನ್ನಿಗೇರಿಸಿ ಮುಖವಾಡ ಹಿಡಿದು ಬಂದಿದ್ದ. ಬಾಯಿಗೆ ಇಳಿಯಲು ನೋಡಿದ, ಸೊಂಟದವರೆಗೆ ಹೋದ, ಸಿಲಿಂಡರು ಕಲ್ಲಿಗೆ ತಡೆಯಿತು. ಬಾಯಿಯನ್ನು ಅಗಲ ಮಾಡೋಣವೆಂದರೆ ಎರೆಮಣ್ಣು, ಕುಸಿದರೆ ಒಳಗಿದ್ದದ್ದೆಲ್ಲ ಮುಚ್ಚಿಹೋಗುತ್ತದೆ. ಸಿಲಿಂಡರಿಲ್ಲದೆ ಅವನನ್ನು ಇಳಿಸಲು ನಾನು ಒಪ್ಪಲಿಲ್ಲ. ಒಳಗಿನ ಗಾಳಿಯನ್ನೇ ಬದಲಿಸಬೇಕಿತ್ತು.

ಮೊದಲು ಇನ್ನೊಂದು ಸಿಲಿಂಡರಿಗೆ ಹಗ್ಗ ಕಟ್ಟಿ, ಅದರ ತಿರುಪನ್ನು ಸ್ವಲ್ಪವೇ ಸಡಿಲಿಸಿ, ನಾಯಿಯ ಮೂತಿಯ ಹತ್ತಿರಕ್ಕೆ ಇಳಿಸಿದೆವು. ಸುಂಯ್ ಎಂದು ಗಾಳಿ ಬಿಡುತ್ತ ಅದು ಕೆಳಗೆ ಕೂತಿತು. ಅಷ್ಟರಿಂದ ನಾಯಿಗೆ ಸ್ವಲ್ಪ ಹೊತ್ತು ಸಿಕ್ಕಿತು, ನಮಗೂ ಸಿಕ್ಕಿತು.

ಎದುರುಮನೆಯ ಅಂಗಳದಲ್ಲಿ ಜೋಳ ತೂರುವ ದೊಡ್ಡ ಫ್ಯಾನು ನಿಂತಿತ್ತು. ಬೆಟಗೇರಿಯ ಯಜಮಾನರು ಕಲಿಸಿದ್ದು ನೆನಪಿತ್ತು, ಆ ಮನೆಯವರನ್ನು ಕೇಳಿದೆ. ಒಯ್ಯಿರಿ ಎಂದರು. ಫ್ಯಾನಿನ ಗಾಳಿ ತಳ ಮುಟ್ಟಬೇಕಾದರೆ ಕೊಳವೆ ಬೇಕು. ರಾಶಿಯ ಮೇಲೆ ಹೊದಿಸುವ ತಾಡಪತ್ರಿ ಕೊಡಿರಿ, ಉದ್ದಕ್ಕೆ ಸುತ್ತಿ ಹೊಲಿಯಬೇಕು ಎಂದೆ. ಮಾತು ಮುಗಿಯುವುದರೊಳಗೆ ಕೌದಿ ಹೊಲಿಯುವ ಹೆಂಗಸರು ನಾಲ್ಕೈದು ಮಂದಿ ದಬ್ಬಣ, ಸುತಳಿ ಹಿಡಿದು ಕೂತುಬಿಟ್ಟರು. ಅಷ್ಟು ಬೇಗ ಯಾವ ದರ್ಜಿಯೂ ಹೊಲಿದದ್ದನ್ನು ನಾನು ನೋಡಿಲ್ಲ. ದಾವಲಸಾಬ ನಮ್ಮ ಗಾಡಿಯ ಜನರೇಟರಿನಿಂದ ವಾಯರು ಎಳೆದ. ತಾಡಪತ್ರಿಯ ಕೊಳವೆಯ ಒಂದು ಬಾಯಿ ಫ್ಯಾನಿಗೆ, ಇನ್ನೊಂದು ಹಗೇವಿನ ತಳಕ್ಕೆ. ಫ್ಯಾನು ತಿರುಗಿದಾಗ ಕೊಳವೆ ಉಬ್ಬಿ ಎದ್ದಿತು. ಹಗೇವಿನ ಬಾಯಿಂದ ಕೊಳೆತ ಹುಲ್ಲಿನ ಗಬ್ಬು ಮೇಲೆ ಬರತೊಡಗಿತು. ಗಬ್ಬು ಬಂದದ್ದಕ್ಕೆ ಅಷ್ಟು ಸಂತೋಷ ನನಗೆ ಇನ್ನೆಂದೂ ಆಗಿಲ್ಲ.

ಈರಣ್ಣನಿಗೆ ಕಂದೀಲು ತರಲು ಹೇಳಿದೆ. ಮೊದಲ ಸಲ ಇಳಿಸಿದಾಗ ಅರ್ಧಕ್ಕೇ ಆರಿತು. ಅವನು ಅದನ್ನು ನೋಡಿದ, ತಾಯಿಯ ಮುಖ ನೋಡಿದ, ಆಮೇಲೆ ತಾನು ಇಳಿಯುತ್ತೇನೆ ಎಂಬ ಮಾತೆತ್ತಲಿಲ್ಲ. ಎರಡನೆಯ ಸಲ ತಳದ ಹತ್ತಿರ ಆರಿತು. ಮೂರನೆಯ ಸಲ ತಳ ಮುಟ್ಟಿತು, ದೀಪ ಉರಿಯುತ್ತಲೇ ಇತ್ತು. ಆಮೇಲೂ ಸ್ವಲ್ಪ ಹೊತ್ತು ಕಾಯಿಸಿದೆ. ಸುತ್ತ ನಿಂತವರು ಗೊಣಗಿದರು, ನಾಯಿ ಸಾಯುತ್ತದೆ ಎಂದರು. ಗೊಣಗಲಿ ಎಂದುಕೊಂಡೆ.

ಮಹಾಂತೇಶ ಬರಿಮೈಯಲ್ಲಿ, ಎದೆಗೂ ತೊಡೆಗೂ ಪಟ್ಟಿ ಕಟ್ಟಿಕೊಂಡು ಇಳಿದ. ಅವನ ಜೀವದ ಹಗ್ಗವನ್ನು ಬಾಯಿಯ ಹತ್ತಿರ ನಮ್ಮವನೊಬ್ಬ ಹಿಡಿದಿದ್ದ. ಅವನ ಹಿಂದೆ ಓಣಿಯ ಮೂವರು ಹುಡುಗರನ್ನು ನಿಲ್ಲಿಸಿದ್ದೆ. ಎಲ್ಲರಿಗಿಂತ ಹಿಂದೆ, ಯಾರೂ ಕರೆಯದೆ, ಗೌರವ್ವ ಬಂದು ಹಗ್ಗಕ್ಕೆ ಕೈ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನೀನು ಪಕ್ಕಕ್ಕ ಸರಿಯವ್ವಾ. ಗಟ್ಟಿ ಹುಡುಗರು ಅದಾರ" ಎಂದೆ.

"ಇರಲಿ ಬಿಡ್ರಿ ಸಾಹೇಬ್ರ" ಎಂದಳು. ನನ್ನನ್ನು ಅವಳು ಗುರುತಿಸಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ಕೆಳಗಿನಿಂದ ಮಹಾಂತೇಶನ ದನಿ ಬರುತ್ತಿತ್ತು. "ಉಸಿರೈತ್ರಿ ಸರ್. ಚೀಲದಾಗ ಹಾಕಾಕತ್ತೇನಿ." ನಾಯಿಗೆ ಬೇರೆ ಹಗ್ಗ, ಬೇರೆ ಚೀಲ. ನಾನು ಮತ್ತು ಈರಣ್ಣ ಅದನ್ನು ಎಳೆದೆವು. ಚೀಲ ಬಾಯಿಗೆ ಬಂತು. ನಾಯಿ ನಾಲಿಗೆ ಹೊರಗೆ ಚಾಚಿ ಹಸಿ ಬಟ್ಟೆಯ ಹಾಗೆ ಬಿದ್ದಿತ್ತು. ಅಂಗಳದಲ್ಲಿ ಇದ್ದಬದ್ದವರೆಲ್ಲ ನೋಡಲು ನುಗ್ಗಿದರು. ಈರಣ್ಣ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಎದೆ ತಿಕ್ಕುತ್ತಿದ್ದ, ನಾನೂ ಬಗ್ಗಿ ಅದರ ಬಾಯಿಯ ಮಣ್ಣು ತೆಗೆಯುತ್ತಿದ್ದೆ. ನಾಯಿ ಒಂದು ಸಲ ಸೀನಿತು. ಜನ ಹೋ ಎಂದರು. ಹಗ್ಗ ಹಿಡಿದಿದ್ದ ಮೂವರು ಹುಡುಗರೂ ಅದನ್ನು ನೋಡಲು ಕೈಬಿಟ್ಟು ಓಡಿಬಂದರು. ಆ ನೂಕುನುಗ್ಗಲಿನಲ್ಲಿ ಯಾರದೋ ಕಾಲು ವಾಯರಿಗೆ ಸಿಕ್ಕಿತು. ಫ್ಯಾನು ನಿಂತಿತು.

ಆ ಗದ್ದಲದಲ್ಲಿ ಫ್ಯಾನಿನ ಸದ್ದು ನಿಂತದ್ದು ನನಗೆ ಕೇಳಿಸಲಿಲ್ಲ. ಗೌರವ್ವನಿಗೆ ಕೇಳಿಸಿತು. ಕೊಳವೆ ಉಸಿರು ಬಿಟ್ಟು ನೆಲಕ್ಕೆ ಮಲಗಿದ್ದನ್ನೂ ಅವಳೇ ನೋಡಿದಳು.

"ನಾಯಿ ಬಂತು. ಹುಡುಗ ಇನ್ನೂ ಒಳಗ ಅದಾನ" ಎಂಬ ದನಿ ನನ್ನ ಬೆನ್ನಿಗೆ ಬಡಿಯಿತು. ತಿರುಗಿ ನೋಡಿದರೆ ಅವಳು ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಹಿಮ್ಮಡಿ ಊರಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಳು. ಬಾಯಿಯ ಹತ್ತಿರದ ನಮ್ಮವನು ಅವಳ ಜೊತೆ ಎಳೆಯುತ್ತಿದ್ದ. ಮಹಾಂತೇಶ ಎಳಿ ಎಂದು ಕೂಗಿರಲಿಲ್ಲ. ಅವನಿಗೆ ಗಾಳಿ ನಿಂತದ್ದೇ ಗೊತ್ತಾಗಿರಲಿಲ್ಲ, ಕೊಳೆತ ಹುಲ್ಲಿನಿಂದ ಕೆಟ್ಟ ಗಾಳಿ ಮತ್ತೆ ಏಳುತ್ತಿದ್ದ ತಗ್ಗಿನಲ್ಲೇ ಬಗ್ಗಿ, ಮೊದಲು ಇಳಿಸಿದ್ದ ಸಿಲಿಂಡರಿನ ಹಗ್ಗದ ಗಂಟು ಬಿಗಿಯುತ್ತ ಕೂತಿದ್ದನಂತೆ. ನಾವೆಲ್ಲ ಓಡಿ ಹಗ್ಗಕ್ಕೆ ಕೈ ಹಚ್ಚಿದೆವು. ಅವನ ತಲೆ ಕಂಡಿತು, ಭುಜ ಕಂಡಿತು, ತೋಳು ಹಿಡಿದು ಹೊರಗೆ ಎಳೆದುಕೊಂಡೆ. ಮುಖ ಕೆಂಪಗೆ, ಕಣ್ಣು ಮಂಕಾಗಿದ್ದವು. ನೆಲದ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದ. ಕೆಮ್ಮು ನಿಂತ ಮೇಲೆ "ತಲಿ ಗಿಮ್ಮ ಅನ್ನಾಕತ್ತೈತ್ರಿ ಸರ್, ಯಾಕೋ ಏನೋ" ಎಂದ. ಅವನ ತಲೆಯ ಮೇಲೆ ನೀರು ಸುರಿದೆ.

ಅವನು ಮುಂದೆಂದೂ ಪ್ರಾಣಿಯ ಕರೆಗೆ ನಗಲಿಲ್ಲ.

ನಾಯಿ ಸಂಜೆಯಾಗುವ ಮುಂಚೆ ಎದ್ದು ನಿಂತಿತು. ಎರಡು ಸಲ ತೂರಾಡಿತು, ಮೈ ಕೊಡವಿತು, ಯಾರ ಕಡೆಗೂ ನೋಡದೆ ಓಣಿಯ ಆಚೆ ಹೊರಟುಹೋಯಿತು. ಬೀದಿ ನಾಯಿಯಿಂದ ಅದಕ್ಕಿಂತ ಹೆಚ್ಚಿನ ಕೃತಜ್ಞತೆ ನಿರೀಕ್ಷಿಸಬೇಡಿ. ಈರಣ್ಣ ಊರವರ ಎದುರಿಗೇ ಹಗೇವಿಗೆ ಮಣ್ಣು ತುಂಬಿಸುವುದಾಗಿ ಹೇಳಿದ. ಯಾರೂ ಅಡ್ಡ ಮಾತಾಡಲಿಲ್ಲ.

ಹಗ್ಗಗಳನ್ನು ಸುತ್ತಿ ಗಾಡಿಗೆ ಹಾಕುವಾಗ ಒಂದು ಹಗ್ಗ ಕಡಿಮೆ ಬಂತು. ಗೌರವ್ವ ಅದನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಿದ್ದಳು. ಸೊಂಟದ ಸುತ್ತು ಕೂಡ ಬಿಚ್ಚಿರಲಿಲ್ಲ. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತ್ತು. ನಾನು ಅವಳೆದುರು ನೆಲದ ಮೇಲೆ ಕೂತೆ. ನನ್ನ ಹಳೆಯ ಸಾಹೇಬರ ಮಾತೇ ಬಾಯಿಗೆ ಬಂತು.

"ಕೊಡವ್ವಾ ತಂಗಿ. ಇನ್ನ ನಾ ಹಿಡೀತೀನಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅಂಗಳದ ಆ ಕಡೆ ಚಹಾ ಕುಡಿಯುತ್ತ ಕೂತಿದ್ದ ಮಹಾಂತೇಶನನ್ನು ನೋಡಿದಳು. ಸೊಂಟದ ಸುತ್ತನ್ನು ತಾನೇ ಬಿಚ್ಚಿ, ಹಗ್ಗವನ್ನು ಮಡಚಿ, ನನ್ನ ಕೈಯಲ್ಲಿಟ್ಟಳು.

"ಈ ಸಲ ಎಳಿ ಅನ್ನೂತನಕ ನಾ ಕಾಯಲಿಲ್ರಿ" ಎಂದಳು.